ಮುತ್ಯಾನ ಪಿಯುಸಿ, ತಂಗಿಯ ಕ್ರೆಡಿಟ್: ಶಾಲೆಯ ಶಿಲ್ಕು ಕಾಲೇಜಿಗೆ ಯಾಕೆ ಬರಲ್ಲ?

ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.

ಈ ಸಂಚಿಕೆ ಹುಟ್ಟಿದ್ದು ಒಂದು ಫೋನ್ ಕಾಲ್‌ನಿಂದ.

ಫೋನ್ ಮಾಡಿದ್ದು ನಮ್ಮ ಕಾಕಾನ ಮಗಳು. ಕಮತಗಿಯಲ್ಲೇ ಇರ್ತಾಳೆ. 2025ರಲ್ಲಿ ಕಾಮರ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಪಾಸಾದಳು. ಅದಕ್ಕೂ ಮೊದಲು, ಪಿಯುಸಿ ಓದುವಾಗಲೇ, ಮೊಬೈಲ್‌ನಲ್ಲಿ ಒಂದು ಜಾಹೀರಾತು ನೋಡಿದ್ದಳು. ಪಿಯುಸಿಯಲ್ಲಿರುವಾಗಲೇ ಕಾಲೇಜ್ ಕ್ರೆಡಿಟ್ ಗಳಿಸಿ, ಡಿಗ್ರಿಯಲ್ಲಿ ಸಮಯ ಉಳಿಸಿ ಅಂತ. ಸುಮಾರು ಐದು ಸಾವಿರ ರೂಪಾಯಿ. ಕಾಕು ಮಗ್ಗದ ಕೂಲಿ ರೊಕ್ಕ ಕೂಡಿಸಿ ಕೊಟ್ಟಿದ್ದರು. ಹುಡುಗಿ ರಾತ್ರಿ ಹನ್ನೊಂದರ ತನಕ ವಿಡಿಯೋ ನೋಡಿ, ಟೆಸ್ಟ್ ಬರೆದು, ಸರ್ಟಿಫಿಕೇಟ್ ತೊಗೊಂಡಳು.

ಬಿ.ಕಾಂ ಅಡ್ಮಿಷನ್‌ಗೆ ಹೋದಾಗ ಅದನ್ನ ತೋರಿಸಿದಳು. ಕೌಂಟರ್‌ನಲ್ಲಿ ಕೂತವರು ನೋಡಿ ಹೇಳಿದರಂತೆ, "ಫೈಲ್‌ನ್ಯಾಗ ಇಟ್ಕೋವಾ ತಂಗಿ, ಮುಂದ ಇಂಟರ್‌ವ್ಯೂಗೆ ಬರ್ತದ. ಇಲ್ಲಿ ಜಮಾ ಆಗಂಗಿಲ್ಲ."

ಅವತ್ತು ಸಂಜೆ ಅವಳು ನನ್ನ ಕೇಳಿದ್ದು ಇಷ್ಟೇ. "ಅಣ್ಣಾ, ನಾ ಓದಿದ್ದು ಓದಿದ್ದಲ್ಲೇನು? ಯಾಕ ಜಮಾ ಆಗಂಗಿಲ್ಲ?"

ನಾನು ಬಿ.ಕಾಂ ಓದಿದವ. ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ನಿಯಮ ಇದೆ. ಈ ವರ್ಷದ ಕೊನೆಗೆ ಉಳಿದ ಶಿಲ್ಕು, ಮುಂದಿನ ವರ್ಷದ ಮೊದಲ ಸಾಲಿನಲ್ಲಿ ಆರಂಭದ ಶಿಲ್ಕಾಗಿ ಬರಲೇಬೇಕು. ಕಿರಾಣಿ ಅಂಗಡಿಯವರೂ ಇದನ್ನ ತಪ್ಪಿಸಲ್ಲ. ಆದರೆ ಓದಿನ ಲೆಕ್ಕದಲ್ಲಿ ಹಂಗಲ್ಲ. ಪಿಯುಸಿ ಪುಸ್ತಕ ಮುಚ್ಚಿದ ಮೇಲೆ ಡಿಗ್ರಿಯ ಪುಸ್ತಕ ಸೊನ್ನೆಯಿಂದ ಶುರು. ಈ ಪದ್ಧತಿ ಮೊದಲಿನಿಂದ ಹೀಗೇ ಇತ್ತಾ? ಹುಡುಕುತ್ತಾ ಹೋದೆ. ಉತ್ತರದ ಮೊದಲ ತುದಿ ಸಿಕ್ಕಿದ್ದು ನಮ್ಮ ಮನೆಯ ಟ್ರಂಕ್‌ನಲ್ಲೇ.

ಟ್ರಂಕ್‌ನೊಳಗಿನ ಕಾಗದಗಳು

ನಮ್ಮ ಮುತ್ಯಾ 1960ರ ದಶಕದಲ್ಲಿ ಪಿಯುಸಿ ಪಾಸಾದವರು. ಅವರ ಸರ್ಟಿಫಿಕೇಟ್ ಮೇಲೆ ಇರೋದು ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ. ಗಮನಿಸಿ, ಪಿಯುಸಿ ಸರ್ಟಿಫಿಕೇಟ್ ಮೇಲೆ ಯೂನಿವರ್ಸಿಟಿ ಹೆಸರು! ಅಪ್ಪಾಜಿ 1980ರ ದಶಕದಲ್ಲಿ ಪಿಯುಸಿ ಮಾಡಿದರು. ಅವರದರಲ್ಲಿ ಯೂನಿವರ್ಸಿಟಿ ಇಲ್ಲ, ಬೆಂಗಳೂರಿನ ಪದವಿಪೂರ್ವ ಮಂಡಳಿ ಇದೆ. ನನ್ನದರಲ್ಲೂ ಅಷ್ಟೇ. ತಂಗಿಯದರಲ್ಲಿ 2022ರಲ್ಲಿ ಹುಟ್ಟಿದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಆ ಹೆಸರಿನಲ್ಲೇ ಶಾಲಾ ಅನ್ನೋ ಪದ ಬಂದು ಕೂತಿದೆ.

ಮುತ್ಯಾ ಓದಿದ ಪಿಯುಸಿ ಯೂನಿವರ್ಸಿಟಿಯ ಮೆಟ್ಟಿಲು. ತಂಗಿ ಓದಿದ ಪಿಯುಸಿ ಶಾಲೆಯ ಕೊನೆಯ ಮೆಟ್ಟಿಲು. ಹೆಸರು ಒಂದೇ, ಜಾಗ ಬೇರೆ. ನಡುವೆ ಒಂದು ಗೋಡೆ ಬಂತು. ಆ ಗೋಡೆ ಯಾರು ಕಟ್ಟಿದರು, ಯಾಕೆ ಕಟ್ಟಿದರು ಅನ್ನೋದೇ ಇವತ್ತಿನ ಕಥೆ.

ಯೂನಿವರ್ಸಿಟಿಯೇ ಹೈಸ್ಕೂಲಿನ ಪರೀಕ್ಷೆ ಮಾಡ್ತಿದ್ದ ಕಾಲ

1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಶುರುವಾದವು. ನಮ್ಮ ಭಾಗ ಆಗ ಬಾಂಬೆ ಆಡಳಿತಕ್ಕೆ ಸೇರಿತ್ತು. ಮ್ಯಾಟ್ರಿಕ್ ಪರೀಕ್ಷೆ ನಡೆಸ್ತಿದ್ದದ್ದು ಬಾಂಬೆ ವಿಶ್ವವಿದ್ಯಾಲಯವೇ. ಮ್ಯಾಟ್ರಿಕ್ ಅಂದ್ರೆ ಮೂಲತಃ ಶಾಲೆ ಮುಗಿಸುವ ಪರೀಕ್ಷೆ ಅಲ್ಲ, ಯೂನಿವರ್ಸಿಟಿಗೆ ಒಳಗೆ ಬರುವ ಪರೀಕ್ಷೆ. ಅದಾದ ಮೇಲೆ ಎರಡು ವರ್ಷ ಇಂಟರ್, ಆಮೇಲೆ ಎರಡು ವರ್ಷ ಬಿ.ಎ. ಈ ನಾಲ್ಕೂ ವರ್ಷ ಒಂದೇ ಕಾಲೇಜ್, ಒಂದೇ ಯೂನಿವರ್ಸಿಟಿ. ಇಂಟರ್‌ನಲ್ಲಿ ಓದಿದ್ದು ಡಿಗ್ರಿಯ ಭಾಗವೇ ಆಗಿತ್ತು. ಶಿಲ್ಕು ವರ್ಗಾಯಿಸೋ ಪ್ರಶ್ನೆಯೇ ಇರಲಿಲ್ಲ, ಯಾಕಂದ್ರೆ ಲೆಕ್ಕದ ಪುಸ್ತಕವೇ ಒಂದು.

ಕೇಳೋಕೆ ಚಂದ. ಆದರೆ ಆ ಕಾಲೇಜ್ ಎಲ್ಲಿತ್ತು? ಮೊದಮೊದಲು ನಮ್ಮ ಕಡೆಯವರು ಪುಣೆಗೆ ಹೋಗಬೇಕಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜ್ ಶುರುವಾಗಿದ್ದು 1917ರಲ್ಲಿ. ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜ್ ಬಂದಿದ್ದು 1933ರಲ್ಲಿ. ಕಮತಗಿಯ ನೇಕಾರನ ಮಗನಿಗೆ ಹನ್ನೊಂದನೇ ವರ್ಷದ ಓದು ಅಂದ್ರೆ ಊರು ಬಿಡೋದು, ಪ್ರಸಾದ ನಿಲಯ ಹುಡುಕೋದು, ಮನೆಯಲ್ಲಿ ಒಂದು ದುಡಿಯುವ ಕೈ ಕಡಿಮೆ ಆಗೋದು. ಮಗಳ ಮಾತಂತೂ ಬಿಡಿ.

ಅತ್ತ ಹಳೇ ಮೈಸೂರು ಸೀಮೆಯಲ್ಲಿ ಬೇರೆ ಪ್ರಯೋಗ ನಡೀತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಡಿಗ್ರಿ ಮೂರು ವರ್ಷದ್ದಾಗಿತ್ತು. ಕಾಲೇಜಿಗೆ ತಯಾರು ಮಾಡುವ ಒಂದು ವರ್ಷದ ಓದನ್ನ ಆಯ್ದ ಕೆಲವು ಹೈಸ್ಕೂಲುಗಳಲ್ಲೇ ಕಲಿಸ್ತಿದ್ದರು. ಅವಕ್ಕೆ ಕಾಲೇಜಿಯೇಟ್ ಹೈಸ್ಕೂಲ್ ಅಂತ ಹೆಸರು. ಅಂದ್ರೆ ಹೈಸ್ಕೂಲ್ ಕಟ್ಟಡದಲ್ಲಿ ಕಾಲೇಜಿನ ಓದು ಅನ್ನೋ ಐಡಿಯಾ ನಮ್ಮಲ್ಲಿ ನೂರು ವರ್ಷ ಹಳೇದು. ಮುಂದೆ ಆ ಜಾಗಕ್ಕೆ ಇಂಟರ್‌ಮೀಡಿಯೇಟ್ ಕಾಲೇಜುಗಳು ಬಂದವು.

ಗೋಡೆ ಕಟ್ಟಿದ್ದು ಒಳ್ಳೇದಕ್ಕೇ

ಸ್ವಾತಂತ್ರ್ಯ ಬಂತು. ಕರ್ನಾಟಕ ವಿಶ್ವವಿದ್ಯಾಲಯಕ್ಕೆ 1949ರಲ್ಲಿ ಕಾಯ್ದೆ ಆಯ್ತು. ಮೊದಲು ಬಾಂಬೆಯಲ್ಲೇ ಶುರುವಾಗಿ, 1950ರಲ್ಲಿ ಧಾರವಾಡಕ್ಕೆ ಬಂತು. ನಮ್ಮೂರ ಹುಡುಗರ ಸರ್ಟಿಫಿಕೇಟ್ ಮೇಲಿದ್ದ ಬಾಂಬೆ ಹೋಗಿ ಧಾರವಾಡ ಬಂತು.

ಅದೇ ಹೊತ್ತಿಗೆ ದೆಹಲಿಯಲ್ಲಿ ಒಂದರ ಹಿಂದೆ ಒಂದು ಆಯೋಗ. ರಾಧಾಕೃಷ್ಣನ್ ಆಯೋಗ 1948–49ರಲ್ಲಿ, 12 ವರ್ಷ ಓದಿದ ಮೇಲೇ ಯೂನಿವರ್ಸಿಟಿಗೆ ಬರಲಿ ಅಂತು. ಮುದಲಿಯಾರ್ ಆಯೋಗ 1952–53ರಲ್ಲಿ, ಎರಡು ವರ್ಷದ ಇಂಟರ್ ತೆಗೆದುಹಾಕಿ, ಒಂದು ವರ್ಷ ಶಾಲೆಗೆ ಕೊಡಿ, ಇನ್ನೊಂದು ವರ್ಷ ಡಿಗ್ರಿಗೆ ಕೊಡಿ ಅಂತು. ಅಣ್ಣತಮ್ಮಂದಿರು ಹೊಲ ಪಾಲು ಮಾಡ್ಕೊಂಡ ಹಾಗೆ ಇಂಟರ್ ಎರಡು ಪಾಲಾಯ್ತು. ಹೀಗೆ 1950ರ ದಶಕದ ಕೊನೆಗೆ ಮೂರು ವರ್ಷದ ಡಿಗ್ರಿ, ಅದಕ್ಕೂ ಮೊದಲು ಒಂದು ವರ್ಷದ ಪಿಯುಸಿ ಬಂತು. ನಮ್ಮ ಮುತ್ಯಾ ಓದಿದ್ದು ಇದನ್ನೇ. ಪರೀಕ್ಷೆ ಇನ್ನೂ ಯೂನಿವರ್ಸಿಟಿಯದೇ ಇತ್ತು.

ಆಮೇಲೆ 1964–66ರ ಕೊಠಾರಿ ಆಯೋಗ. 10+2+3 ಅನ್ನೋ ಲೆಕ್ಕ ಗಟ್ಟಿಯಾಗಿದ್ದು ಇಲ್ಲಿಂದ. 1968ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನ ಒಪ್ಪಿತು. ನಮ್ಮ ರಾಜ್ಯದಲ್ಲಿ 1970ರ ದಶಕದ ಆರಂಭದಲ್ಲಿ ಎರಡು ವರ್ಷದ ಪಿಯುಸಿ ಬಂತು. ಪರೀಕ್ಷೆ ಯೂನಿವರ್ಸಿಟಿ ಕೈಯಿಂದ ಮಂಡಳಿಯ ಕೈಗೆ ಹೋಯ್ತು. ಗೋಡೆ ಪೂರ್ತಿಯಾಗಿದ್ದು ಆಗಲೇ.

ಈಗ ನಾನು ಇಲ್ಲಿ ನಿಂತು, ಛೇ, ಎಂಥಾ ತಪ್ಪು ಮಾಡಿದರು ಅಂತ ಹೇಳಬಹುದು. ಹೇಳಲ್ಲ. ಯಾಕಂದ್ರೆ ಆ ಗೋಡೆ ಬಂದಿದ್ದಕ್ಕೇ ನಮ್ಮ ಅತ್ತಿ ಪಿಯುಸಿ ಓದಿದ್ದು. ಪಿಯುಸಿ ಯೂನಿವರ್ಸಿಟಿಯಿಂದ ಬೇರೆ ಆದ ಮೇಲೆ, ಡಿಗ್ರಿ ಕಾಲೇಜ್ ಇಲ್ಲದ ಊರಲ್ಲೂ ಪಿಯು ಕಾಲೇಜ್ ನಡೆಸೋಕೆ ದಾರಿ ಆಯ್ತು. ಹೈಸ್ಕೂಲ್ ಕಟ್ಟಡದಲ್ಲೇ ಜೂನಿಯರ್ ಕಾಲೇಜ್ ಬಂತು. ಹುನಗುಂದ, ಇಳಕಲ್, ಬಾದಾಮಿಯಷ್ಟೇ ಅಲ್ಲ, ಸಣ್ಣ ಸಣ್ಣ ಊರುಗಳಿಗೂ ಹನ್ನೊಂದು ಹನ್ನೆರಡನೇ ವರ್ಷದ ಓದು ತಲುಪಿತು. ಹಾಸ್ಟೆಲ್‌ಗೆ ಕಳಿಸಲ್ಲ ಅಂದಿದ್ದ ಮುತ್ಯಾ, ಮಗಳು ಸಂಜೆ ಮನೆಗೆ ಬರ್ತಾಳೆ ಅಂದಾಗ ಹೂಂ ಅಂದರು.

ಹಾಗಾಗಿ ಗೋಡೆ ಒಂದು ಕಡೆ ಬಾಗಿಲು ತೆರೀತು. ಇನ್ನೊಂದು ಕಡೆ ಬಾಗಿಲು ಇಡೋದು ಮಾತ್ರ ಮರೆತರು.

ಒಂದೇ ಪಾಠ ಎರಡು ಸಲ

ಆ ಮರೆವಿನ ಬೆಲೆ ಏನು ಅಂತ ನನ್ನ ಅನುಭವದಿಂದ ಹೇಳ್ತೀನಿ. ಪಿಯುಸಿಯಲ್ಲಿ ಎರಡು ವರ್ಷ ಅಕೌಂಟೆನ್ಸಿ ಓದಿದೆ. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್, ಅಂತಿಮ ಲೆಕ್ಕಗಳು, ಪಾಲುದಾರಿಕೆ. ಬಿ.ಕಾಂ ಮೊದಲ ಸೆಮಿಸ್ಟರ್‌ಗೆ ಹೋದರೆ, ಲೆಕ್ಕಶಾಸ್ತ್ರದ ಅರ್ಥ ಮತ್ತು ಉದ್ದೇಶ ಅಂತ ಮತ್ತೆ ಮೊದಲ ಪುಟದಿಂದ ಶುರು. ಮೇಷ್ಟ್ರ ತಪ್ಪಲ್ಲ. ಅದೇ ಕ್ಲಾಸ್‌ನಲ್ಲಿ ಆರ್ಟ್ಸ್ ಓದಿ ಬಂದವರೂ ಕೂತಿರ್ತಾರೆ, ಅವರಿಗೆ ಅದು ಬೇಕು. ಆದರೆ ಗೊತ್ತಿರೋರಿಗೆ ಆ ಪೇಪರ್ ಬಿಟ್ಟು ಬೇರೆ ಕಲಿಯೋ ಅವಕಾಶ ಇರಲಿಲ್ಲ. ಫೀ ಕಟ್ಟಿ, ಬಸ್ ಹತ್ತಿ, ಬಂದಿದ್ದನ್ನೇ ಮತ್ತೆ ಕಲಿತದ್ದಾಯ್ತು. ಸಂಜೆ ಅಂಗಡಿಯಲ್ಲಿ ದುಡಿದು ಬರೋ ನನ್ನ ಗೆಳೆಯನಿಗೆ ಆ ಸಮಯದ ಬೆಲೆ ನನಗಿಂತ ಜಾಸ್ತಿ ಇತ್ತು.

ಕ್ರೆಡಿಟ್ ಹುಟ್ಟಿದ ಕಥೆ

ಹಾಗಾದರೆ ಈ ಕ್ರೆಡಿಟ್ ಅನ್ನೋದು ಬಂದಿದ್ದು ಎಲ್ಲಿಂದ? ನಮ್ಮೂರ ಅಂಗಡಿಯಲ್ಲಿ ಕ್ರೆಡಿಟ್ ಅಂದ್ರೆ ಉದ್ರಿ. ಓದಿನ ಕ್ರೆಡಿಟ್ ಹುಟ್ಟಿದ್ದು ಪೆನ್ಷನ್‌ನಿಂದ. ತಮಾಷೆ ಅಲ್ಲ, ನಿಜ.

1905ರಲ್ಲಿ ಅಮೆರಿಕದ ಉಕ್ಕಿನ ಶ್ರೀಮಂತ ಆಂಡ್ರ್ಯೂ ಕಾರ್ನೆಗಿ ಕಾಲೇಜ್ ಪ್ರಾಧ್ಯಾಪಕರ ಪೆನ್ಷನ್‌ಗೆ ಅಂತ ಒಂದು ಕೋಟಿ ಡಾಲರ್ ಕೊಟ್ಟ. ಪೆನ್ಷನ್ ಯಾರಿಗೆ ಅನ್ನೋದು ತಿಳೀಬೇಕಾದ್ರೆ ಕಾಲೇಜ್ ಅಂದ್ರೆ ಏನು ಅಂತ ಮೊದಲು ತೀರ್ಮಾನ ಆಗಬೇಕಲ್ಲ? ಅವನ ಪ್ರತಿಷ್ಠಾನ 1906ರಲ್ಲಿ ಒಂದು ಅಳತೆ ತಂತು. ಹೈಸ್ಕೂಲಿನಲ್ಲಿ ಒಂದು ವಿಷಯವನ್ನ ವರ್ಷಕ್ಕೆ ಸುಮಾರು 120 ಗಂಟೆ ಓದಿದರೆ ಒಂದು ಯೂನಿಟ್. ಅಂಥ 14 ಯೂನಿಟ್ ಇರೋರನ್ನ ಸೇರಿಸಿಕೊಳ್ಳುವ ಕಾಲೇಜ್ ಮಾತ್ರ ಕಾಲೇಜ್. ಪೆನ್ಷನ್ ಆಸೆಗೆ ಕಾಲೇಜುಗಳು ಒಪ್ಪಿದವು. ಓದನ್ನ ಗಂಟೆಯಲ್ಲಿ ಅಳೆಯೋ ಪದ್ಧತಿ ಬೇರೂರಿತು. ಅದೇ 1906ರಲ್ಲಿ ನಮ್ಮ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತ್ತು. ಅಲ್ಲಿ ಓದನ್ನ ಅಳೆಯೋಕೆ ಕೂತಿದ್ದರು, ಇಲ್ಲಿ ಓದೋಕೆ ಜಾಗ ಕಟ್ಟೋಕೆ ಹೊರಟಿದ್ದರು.

ಅಳತೆ ಇದ್ದದ್ದಕ್ಕೇ ಅಮೆರಿಕದಲ್ಲಿ ಮುಂದಿನ ಹೆಜ್ಜೆ ಸುಲಭ ಆಯ್ತು. 1955ರಲ್ಲಿ ಕಾಲೇಜ್ ಬೋರ್ಡ್ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಅನ್ನೋ ಕಾರ್ಯಕ್ರಮ ವಹಿಸಿಕೊಂಡಿತು. ಹೈಸ್ಕೂಲಿನಲ್ಲೇ ಕಾಲೇಜ್ ಮಟ್ಟದ ಪಾಠ, ಕೊನೆಗೆ ಇಡೀ ದೇಶಕ್ಕೆ ಒಂದೇ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಇವತ್ತು ಅಲ್ಲಿರುವ ನಮ್ಮ ಕನ್ನಡ ಮನೆಗಳ ಮಕ್ಕಳೂ ಈ ಪರೀಕ್ಷೆ ಬರೀತಾರೆ. ಒಳ್ಳೇ ಅಂಕ ಬಂದರೆ ಕಾಲೇಜಿನಲ್ಲಿ ಆ ಪೇಪರ್ ಮಾಫಿ ಆಗಬಹುದು. ಆದರೆ ಅಲ್ಲೂ ಒಂದು ಮಾತು ನೆನಪಿಡಿ. ಯಾವ ಅಂಕಕ್ಕೆ ಎಷ್ಟು ಕ್ರೆಡಿಟ್ ಅಂತ ಹೇಳೋದು ಸೇರಿಸಿಕೊಳ್ಳುವ ಕಾಲೇಜ್. ಕೆಲವು ಕಡೆ 3 ಸಾಕು, ಕೆಲವು ಕಡೆ 5 ಬಂದರೂ ಇಲ್ಲ. ಕ್ರೆಡಿಟ್‌ಗೆ ಬೆಲೆ ಕಟ್ಟೋದು ಕೊಟ್ಟವರಲ್ಲ, ತೊಗೊಳ್ಳೋರು.

ನಮ್ಮಲ್ಲಿ ಬಾಗಿಲು ಇದೆ, ಆದರೆ ಬೇರೆ ಕಡೆ

ಹಾಗಾದರೆ ನಮ್ಮಲ್ಲಿ ಏನೂ ಇಲ್ವಾ? ಇದೆ. ಮಜಾ ಏನಂದ್ರೆ, ಇದ್ದದ್ದು ಜನ ಕಡಿಮೆ ಅಂತ ನೋಡ್ತಿದ್ದ ಕಡೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ಗೆ ಹೋದ ಹುಡುಗ ಮೂರು ವರ್ಷ ಡಿಪ್ಲೊಮಾ ಮಾಡ್ತಾನೆ. ಆಮೇಲೆ ಡಿಸಿಇಟಿ ಬರೆದು ಬಿ.ಇ.ಗೆ ಸೇರಿದರೆ ನೇರ ಎರಡನೇ ವರ್ಷಕ್ಕೆ, ಅಂದ್ರೆ ಮೂರನೇ ಸೆಮಿಸ್ಟರ್‌ಗೆ ಪ್ರವೇಶ. ಎರಡು ವರ್ಷದ ಐಟಿಐ ಮಾಡಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಹೀಗೇ ದಾರಿ ಇದೆ. ಇದಕ್ಕೆ ಲ್ಯಾಟರಲ್ ಎಂಟ್ರಿ ಅಂತಾರೆ. ಮೊದಲು ಓದಿದ್ದನ್ನ ಮುಂದಿನವರು ಒಪ್ಪಿ ಒಂದು ವರ್ಷ ಬಿಡೋದು. ಕ್ರೆಡಿಟ್ ವರ್ಗಾವಣೆ ಅಂದ್ರೆ ಇದೇ ಅಲ್ವಾ?

ಅದು ಬಿಟ್ಟಿ ಅಲ್ಲ ಅನ್ನೋದೂ ಮುಖ್ಯ. ಬೆಳಗಾವಿಯ ವಿಟಿಯುನಲ್ಲಿ ಡಿಪ್ಲೊಮಾದಿಂದ ಬಂದವರಿಗೆ ಹೆಚ್ಚುವರಿ ಗಣಿತ ಅಂತ ಎರಡು ಪೇಪರ್ ಇಟ್ಟಿದ್ದರು. ಕ್ರೆಡಿಟ್ ಇಲ್ಲ, ಆದರೆ ಪಾಸಾಗಲೇಬೇಕು. ಪಿಯುಸಿ ಕಡೆಯಿಂದ ಬಂದವರು ಮೊದಲ ವರ್ಷದಲ್ಲಿ ಓದಿದ ಗಣಿತ ಇವರಿಗೆ ತಪ್ಪಿರುತ್ತಲ್ಲ, ಅದನ್ನ ತುಂಬೋಕೆ.

ಇಳಕಲ್ ಸೀರೆ ನೇಯೋರ ಮನೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ನಮ್ಮ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ನೂಲನ್ನ ಕೊಂಡಿ ಹಾಕಿ ಒಂದೊಂದಾಗಿ ಕೂಡಿಸ್ತಾರೆ. ಸೀರೆ ಒಂದೇ ಅನ್ನಿಸೋದು ಆ ಕೊಂಡಿಯಿಂದ. ಡಿಪ್ಲೊಮಾ ಮತ್ತು ಬಿ.ಇ. ನಡುವಿನ ಆ ಎರಡು ಗಣಿತದ ಪೇಪರ್ ಅಂಥ ಕೊಂಡಿ. ಪಿಯುಸಿ ಮತ್ತು ಬಿ.ಕಾಂ ನಡುವೆ ಇಲ್ಲಿ ತನಕ ಯಾರೂ ಅಂಥದ್ದು ಹಾಕಿಲ್ಲ.

ಹೊಸ ಬ್ಯಾಂಕ್, ಹಳೇ ಪ್ರಶ್ನೆ

ಈಗ ಇತ್ತೀಚಿನ ಇತಿಹಾಸ. 2021ರ ಜುಲೈನಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಶುರು ಮಾಡಿತು, ಚಿಕ್ಕದಾಗಿ ಎಬಿಸಿ. ಡಿಜಿಲಾಕರ್ ಮೂಲಕ 12 ಅಂಕಿಯ ಖಾತೆ. ನೀವು ಓದಿದ ಸಂಸ್ಥೆ ನಿಮ್ಮ ಖಾತೆಗೆ ಕ್ರೆಡಿಟ್ ಜಮಾ ಮಾಡುತ್ತೆ. ನಿಯಮದ ಪ್ರಕಾರ ಅದು ಗರಿಷ್ಠ 7 ವರ್ಷ ಬಾಳುತ್ತೆ. ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಸ್ವಯಂ ಪೋರ್ಟಲ್‌ನ ಕೋರ್ಸ್‌ಗಳಿಂದ ಒಂದು ಸೆಮಿಸ್ಟರ್‌ನ ಶೇ. 40ರಷ್ಟು ಪಾಠ ತೊಗೊಳ್ಳೋಕೆ ಕಾಲೇಜುಗಳಿಗೆ ಅವಕಾಶ ಇದೆ.

2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂತು. ಇದರಲ್ಲಿ ಮೊದಲ ಸಲ ಶಾಲೆಯ ಓದಿಗೂ ಕ್ರೆಡಿಟ್ ಲೆಕ್ಕ ಹಾಕಿದರು. ವರ್ಷಕ್ಕೆ 1,200 ಗಂಟೆಯ ಕಲಿಕೆ ಅಂದ್ರೆ 40 ಕ್ರೆಡಿಟ್. 12ನೇ ತರಗತಿ ಮುಗಿಸಿದವರು 4ನೇ ಹಂತ, ಡಿಗ್ರಿ ಮೊದಲ ವರ್ಷ ಮುಗಿಸಿದವರು 4.5ನೇ ಹಂತ, ಪಿಎಚ್‌ಡಿ 8ನೇ ಹಂತ. ಕಾಗದದ ಮೇಲೆ ಶಾಲೆ, ಕಾಲೇಜ್ ಮತ್ತೆ ಒಂದೇ ಲೆಕ್ಕದ ಪುಸ್ತಕಕ್ಕೆ ಬಂದವು. ಮುತ್ಯಾನ ಕಾಲ ತಿರುಗಿ ಬಂದ ಹಾಗೆ.

ಆದರೆ ಹಂತ ಏಣಿಯ ಮೆಟ್ಟಿಲು, ಅಷ್ಟೇ. ಪಿಯುಸಿಯ ಕ್ರೆಡಿಟ್ ನಿಮ್ಮನ್ನ 4ನೇ ಮೆಟ್ಟಿಲಿಗೆ ತರುತ್ತೆ. ಅದೇ ಕ್ರೆಡಿಟ್ ಇಟ್ಕೊಂಡು ಡಿಗ್ರಿಯ ಪೇಪರ್ ಮಾಫಿ ಮಾಡಿ ಅಂತ ಕೇಳೋಕೆ ಬರಲ್ಲ. ಇನ್ನು ನಮ್ಮ ರಾಜ್ಯದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿ, 2024–25ಕ್ಕೆ ತಿರುಗಿ ಮೂರು ವರ್ಷದ ಡಿಗ್ರಿ ಆಯ್ತು. ನಮ್ಮ ಜಿಲ್ಲೆಯ ಕಾಲೇಜುಗಳ ಮೇಲಿನ ಹೆಸರೂ ನಿಂತಿಲ್ಲ. ಧಾರವಾಡ ಇತ್ತು, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು, ಆಮೇಲೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. 2025ರ ಫೆಬ್ರವರಿಯಲ್ಲಿ ಇಂಥ ಹೊಸ ವಿಶ್ವವಿದ್ಯಾಲಯಗಳನ್ನ ಹಳೇದರ ಜೊತೆ ಕೂಡಿಸೋ ಮಾತು ಸಂಪುಟ ಉಪಸಮಿತಿಯಿಂದಲೇ ಬಂತು. ನಾವು ಇದ್ದಲ್ಲೇ ಇದ್ದೀವಿ, ಯೂನಿವರ್ಸಿಟಿ ಬದಲಾಗ್ತಾ ಇದೆ. ಹಿಂಗಿರುವಾಗ, ಓದಿದ್ದು ಎಲ್ಲಿ ಹೋದರೂ ಜೊತೆಗೆ ಬರೋ ವ್ಯವಸ್ಥೆ ನಮ್ಮಂಥ ಊರಿನವರಿಗೇ ಹೆಚ್ಚು ಬೇಕು.

ರೊಕ್ಕ ಕಟ್ಟೋ ಮೊದಲು

ಪಿಯುಸಿಯಲ್ಲಿರುವ ಕೇಳುಗರಿಗೆ ಮೂರು ಮಾತು. ಒಂದು, ಕ್ರೆಡಿಟ್ ಕೊಡ್ತೀವಿ ಅನ್ನೋರನ್ನ ಕೇಳಿ: ನೀವು ಎಬಿಸಿಯಲ್ಲಿ ನೋಂದಾಯಿತ ಸಂಸ್ಥೆಯಾ, ನನ್ನ ಖಾತೆಗೆ ನೀವೇ ಜಮಾ ಮಾಡ್ತೀರಾ? ಬರೀ ಪಿಡಿಎಫ್ ಸರ್ಟಿಫಿಕೇಟ್ ಅಂದ್ರೆ ಅದು ಕ್ರೆಡಿಟ್ ಅಲ್ಲ. ಎರಡು, ಸೇರಬೇಕು ಅಂದುಕೊಂಡ ಕಾಲೇಜಿಗೆ ಹೋಗಿ ಕೇಳಿ: ಇದನ್ನ ಯಾವ ಪೇಪರ್ ಬದಲಿಗೆ ಒಪ್ತೀರಿ? ಉತ್ತರ ಬರವಣಿಗೆಯಲ್ಲಿ ಇರಲಿ. ಮೂರು, ಕಲಿಯೋ ಆಸೆ ಇದ್ದರೆ ಸ್ವಯಂನಲ್ಲಿ ಪಾಠ ಕೇಳೋಕೆ ರೊಕ್ಕ ಬೇಕಿಲ್ಲ.

ಕೆಲವು ನಿಜವಾದ ಬಾಗಿಲುಗಳೂ ಇವೆ. ಐಐಟಿ ಮದ್ರಾಸ್‌ನ ಆನ್‌ಲೈನ್ ಬಿ.ಎಸ್. ಡೇಟಾ ಸೈನ್ಸ್‌ಗೆ 11ನೇ ತರಗತಿ ಮುಗಿದ ಮೇಲೆಯೇ ಅರ್ಜಿ ಹಾಕಿ ಅರ್ಹತೆ ಗಳಿಸಬಹುದು, 12 ಪಾಸಾದ ಮೇಲೆ ಸೇರಬಹುದು. ಪಿಯುಸಿಯಲ್ಲಿ ಕೆಲವು ವಿಷಯ ಹೋದವರು ಎನ್‌ಐಒಎಸ್‌ಗೆ ಸೇರಿದರೆ, ಪಾಸಾದ ಗರಿಷ್ಠ ಎರಡು ವಿಷಯದ ಅಂಕ ವರ್ಗಾಯಿಸಿಕೊಳ್ಳಬಹುದು. ಕಾಮರ್ಸ್‌ನವರೇ, ಬಿ.ಕಾಂನಲ್ಲಿ ಶೇ. 55 ಬಂದರೆ ಸಿ.ಎ. ಫೌಂಡೇಶನ್ ಬರೆಯದೇ ನೇರ ಇಂಟರ್‌ಮೀಡಿಯೇಟ್‌ಗೆ ಹೋಗಬಹುದು. ಓದಿದ್ದನ್ನ ಒಪ್ಪೋಕೆ ಸಿ.ಎ. ಸಂಸ್ಥೆಗೆ ಆಗುತ್ತೆ ಅಂದ್ರೆ, ಅಕೌಂಟೆನ್ಸಿ ಓದಿ ಬಂದ ಹುಡುಗಿಗೆ ಒಂದು ಪರೀಕ್ಷೆ ಇಟ್ಟು ಮೊದಲ ಪೇಪರ್ ಬಿಡೋಕೆ ಡಿಗ್ರಿ ಕಾಲೇಜಿಗೂ ಆಗಬೇಕಲ್ವಾ?

ತಂಗಿಗೆ ಇಷ್ಟೂ ಕಥೆ ಹೇಳಿದೆ. ಸುಮ್ಮನೆ ಕೇಳಿದಳು. ಆಮೇಲೆ ಅಂದಳು, "ಅಂದ್ರ ಅಣ್ಣಾ, ಮುತ್ಯಾಗ ಇದ್ದಿದ್ದು ನನಗಿಲ್ಲ. ಆದ್ರ ಮುತ್ಯಾನ ಅಕ್ಕನಿಗೆ ಇಲ್ಲದ್ದು ನನಗೈತಿ."

ಇಡೀ ಇತಿಹಾಸ ಅವಳು ಒಂದೇ ಮಾತಲ್ಲಿ ಮುಗಿಸಿದಳು. ಮುತ್ಯಾನ ಅಕ್ಕ ನಾಲ್ಕನೇ ಇಯತ್ತೆ ದಾಟಲಿಲ್ಲ.

ಈಗ ತಂಗಿ ಬಿ.ಕಾಂ ಮೊದಲ ವರ್ಷ. ಹೋದ ವಾರ ಮೆಸೇಜ್ ಮಾಡಿದ್ದಳು. ಕ್ಲಾಸ್‌ನಲ್ಲಿ ಜರ್ನಲ್ ಎಂಟ್ರಿ ಶುರುವಾಗಿದೆಯಂತೆ, ಅವಳಿಗೆಲ್ಲಾ ಬರುತ್ತಂತೆ. ಪಕ್ಕದಲ್ಲಿ ಕೂತ ಆರ್ಟ್ಸ್ ಹುಡುಗಿಗೆ ಹೇಳಿಕೊಡ್ತಿದ್ದಾಳೆ. ಅದಕ್ಕೆ ಯಾವ ಖಾತೆಯಲ್ಲೂ ಜಮಾ ಇಲ್ಲ. ಸದ್ಯಕ್ಕೆ.

ನಿಮ್ಮ ಮನೆಯ ಟ್ರಂಕ್‌ನಲ್ಲಿ ಹಳೇ ಪಿಯುಸಿ, ಇಂಟರ್, ಮ್ಯಾಟ್ರಿಕ್ ಸರ್ಟಿಫಿಕೇಟ್ ಇದ್ದರೆ ಒಮ್ಮೆ ತೆಗೆದು ನೋಡಿ. ಮೇಲೆ ಯಾರ ಹೆಸರಿದೆ ಅಂತ ನಮಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರೀ.